ಒಂಬತ್ತನೇ ಪುಟದ ತಪ್ಪು

ಹೊಟ್ಟೆಕಿಚ್ಚು ಪಡುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಸುಲಭ.

ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನಮ್ಮ ಕಡೆ ವಿದೇಶಾಂಗ ನೀತಿ ಎಂದರೆ ನಾನೇ ಎಂದುಕೊಂಡಿದ್ದವನು. ಇಸ್ಲಾಮಿನ ಹೆಸರು ಹೇಳಿಕೊಂಡು ರಾಜಕೀಯಕ್ಕಿಳಿದ ಉಗ್ರ ಸಂಘಟನೆಗಳ ಜೊತೆ ಮಾತುಕತೆ ಕೂಡದು, ಎಲ್ಲವನ್ನೂ ಮಟ್ಟ ಹಾಕುವುದೊಂದೇ ದಾರಿ ಎಂದು ಬರೆದಿದ್ದ ನನ್ನ ನೋಟ್ಸು ಅರಕಲಗೂಡಿನ ಜೆರಾಕ್ಸ್ ಅಂಗಡಿಯಲ್ಲೂ ಸಿಗುತ್ತಿತ್ತು. ಹೀಗಿರುವಾಗ ಹಾಸನದ ವಿಚಾರ ಸಂಕಿರಣದಲ್ಲಿ ಇದೇ ವಿಷಯದ ಮೇಲೆ ಮುಖ್ಯ ಭಾಷಣ ಮಾಡಲು ಕರೆ ಬಂದದ್ದು ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿಗೆ. ನುಗ್ಗೇಹಳ್ಳಿಯಿಂದ ಬಂದು, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಏದುಸಿರು ಬಿಡುತ್ತ ಮೊದಲ ಪೀರಿಯಡ್ಡಿಗೆ ಬರುವವಳು. ಹಿಂದೆ ನನ್ನ ಕೈಯಲ್ಲೇ ಓದಿದವಳು, ಕೆಲಸ ಇನ್ನೂ ಕಾಯಂ ಆಗಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರು ದಪ್ಪಕ್ಷರದಲ್ಲಿತ್ತು. ನನ್ನದು ಎಲ್ಲಾದರೂ ಇರಬಹುದೆಂದು ಹಿಂದುಮುಂದು ತಿರುಗಿಸಿ ನೋಡಿದೆ.

ಎರಡು ವಾರ ಮುಂಚೆ ಅವಳು ಬರೆದದ್ದನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

"ಸಾ, ಒಂದ್ಸಲ ನೋಡ್ಕೊಡಿ. ತಪ್ಪಿದ್ರೆ ಏಳಿ, ತಿದ್ಕತೀನಿ."

ತಪ್ಪು ಹುಡುಕುತ್ತಲೇ ಓದಿದೆ. ಅವಳು ಬರೆದದ್ದು ಸರಿಯಾಗಿತ್ತು. ದೊಡ್ಡ ದೇಶಗಳು ಈ ಸಂಘಟನೆಗಳನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿದ್ದೇ ಮೊದಲ ತಪ್ಪು ಎಂದಿದ್ದಳು. ಇಡೀ ಲೋಕದ ಮೇಲೆ ಯುದ್ಧ ಸಾರಿದವರು ಬೇರೆ, ತಮ್ಮ ನೆಲದ ಜಗಳಕ್ಕೆ ಬಂದೂಕು ಹಿಡಿದವರು ಬೇರೆ, ಬಂದೂಕು ಬಿಟ್ಟು ಚುನಾವಣೆಗೆ ನಿಂತವರು ಬೇರೆ. ಎಲ್ಲರ ಮೇಲೂ ಒಂದೇ ಬಾಂಬು ಹಾಕಿದರೆ, ಎಲ್ಲರನ್ನೂ ಜೈಲಿಗೆ ತಳ್ಳುವ ಸರ್ವಾಧಿಕಾರಿಯ ಕೈ ಕುಲುಕಿದರೆ, ಮೂರನೆಯವರೂ ಮೊದಲನೆಯವರ ಹಿಂದೆ ಹೋಗುತ್ತಾರೆ. ಕೆಲವರಿಗೆ ಪೊಲೀಸು, ಕೆಲವರ ಜೊತೆ ಮಾತು. ಕಾಬೂಲಿನ ಈಗಿನ ಆಡಳಿತಗಾರರ ಎದುರು ನಮ್ಮ ದೇಶದವರೇ ಕುರ್ಚಿ ಹಾಕಿಕೊಂಡು ಕೂತಿಲ್ಲವೇ ಎಂದು ಕೇಳಿದ್ದಳು. ನನ್ನ ನೋಟ್ಸು ಹಳಸಿ ಎಷ್ಟೋ ವರ್ಷವಾಗಿದೆ ಎಂದು ನನಗೆ ಗೊತ್ತಿತ್ತು. ಅದನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ, ಅವಳಿಗೆ ಬಂತು.

ಒಂಬತ್ತನೇ ಪುಟದಲ್ಲಿ ಒಂದು ತಪ್ಪು ಸಿಕ್ಕಿತು. ಚುನಾವಣೆಗೆ ನಿಂತ ಒಂದು ಪಕ್ಷವನ್ನೂ, ಆ ಪಕ್ಷದವರನ್ನು ಮತಭ್ರಷ್ಟರೆಂದು ಕೊಲ್ಲುತ್ತಿದ್ದ ಗುಂಪನ್ನೂ ಅವಳು ಒಂದೇ ಸಂಘಟನೆಯ ಎರಡು ಶಾಖೆಗಳೆಂದು ಬರೆದುಬಿಟ್ಟಿದ್ದಳು. ಯಾವುದನ್ನು ಮಾಡಬೇಡಿ ಎಂದಿದ್ದಳೋ ಅದನ್ನೇ ತಾನು ಮಾಡಿದ್ದಳು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

"ಚೆನ್ನಾಗಿದೆ ಕಣಮ್ಮ, ಹಿಂಗೇ ಓದು" ಎಂದು ಕೊಟ್ಟೆ.

ಸಂಕಿರಣದ ದಿನ ಸಭಾಂಗಣಕ್ಕೆ ಹೊತ್ತಿಗೆ ಸರಿಯಾಗಿ ಹೋದೆ. ಆದರೆ ಒಳಗೆ ಅವಳಿಗೆ ಹಾರ ಹಾಕಿ ಶಾಲು ಹೊದಿಸುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹೊರಗೇ ನಿಂತು ಉಪ್ಪಿಟ್ಟು ತಿಂದೆ, ಎರಡು ಲೋಟ ಕಾಫಿ ಕುಡಿದೆ. ಚಪ್ಪಾಳೆ ಕೇಳಿದಾಗ ಮೂರನೆಯದನ್ನೂ ತೆಗೆದುಕೊಂಡೆ. ಭಾಷಣ ನಾಲ್ಕೈದು ನಿಮಿಷ ಸಾಗಿದ ಮೇಲೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಒಂಬತ್ತನೇ ಪುಟದ ಮಾತು ಹಾಗೆಯೇ ಅವಳ ಬಾಯಿಂದ ಬಂತು.

ಪ್ರಶ್ನೆ ಕೇಳಿ ಎಂದದ್ದೇ ತಡ, ಎದ್ದೆ. ಎರಡು ವಾರದಿಂದ ಮಸೆದಿಟ್ಟಿದ್ದ ಪ್ರಶ್ನೆ. "ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ ಎನ್ನುವ ಭಾಷಣಕಾರರು ಸತ್ತವರನ್ನೂ ಸಾಯಿಸಿದವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದಾರಲ್ಲ, ಇದಕ್ಕೇನು ಹೇಳುತ್ತಾರೆ?" ಎಂದೆ.

ಸಭೆ ನಗುತ್ತದೆ ಎಂದುಕೊಂಡಿದ್ದೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಅಧ್ಯಕ್ಷತೆ ವಹಿಸಿದ್ದ ಅರಕಲಗೂಡಿನ ನಿವೃತ್ತ ಪ್ರಾಂಶುಪಾಲರು ಕನ್ನಡಕ ಸರಿಮಾಡಿಕೊಂಡರು.

"ಏನ್ ಮೇಷ್ಟ್ರೇ, ನೀವೇ ಓದಿ ತಿದ್ದಿಕೊಟ್ರಿ ಅಂತ ಆಯಮ್ಮ ಶುರುವಿನಲ್ಲೇ ನಿಮಗೆ ಕೈ ಮುಗಿದ್ರಲ್ಲ? ಆಗ ಕಾಣ್ಲಿಲ್ವಾ ಇದು?"

ಗುರುಹಿರಿಯರನ್ನು ನೆನೆದು ಮಾತು ಶುರು ಮಾಡುವುದು ನಮ್ಮಲ್ಲಿ ವಾಡಿಕೆ. ಅವಳು ನನ್ನ ಹೆಸರು ನೆನೆಯುವಾಗ ನಾನು ಹೊರಗೆ ಕಾಫಿ ಕುಡಿಯುತ್ತಿದ್ದೆ.

ಅವಳೇ ಮೈಕಿಗೆ ಬಾಗಿದಳು. "ಸಾರ್ ಆವತ್ತೇ ಹೇಳಿದ್ರು. ತಿದ್ದೋದು ನಾನೇ ಮರೆತೆ. ತಪ್ಪು ನಂದು" ಎಂದು, ಆ ಎರಡು ಗುಂಪುಗಳ ವ್ಯತ್ಯಾಸವನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳಿದಳು. ಈ ಸಲ ಚಪ್ಪಾಳೆ ಜೋರಾಗಿತ್ತು.

ಸಾಯಂಕಾಲ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅವಳಿಂದ ತಪ್ಪಿಸಿಕೊಳ್ಳಲು ಕಂಬದ ಹಿಂದೆ ನಿಂತಿದ್ದೆ. ಚನ್ನರಾಯಪಟ್ಟಣದ ಬಸ್ಸು ಬಂತು, ಜನ ಮುಗಿಬಿದ್ದರು. ಅವಳು ನೇರ ನನ್ನ ಹತ್ತಿರ ಬಂದು, ಬೆಳಿಗ್ಗೆ ಹೊದಿಸಿದ್ದ ಜರಿಯಂಚಿನ ಶಾಲನ್ನು ನನ್ನ ಕೈಗೆ ತುರುಕಿದಳು.

"ಸಾ, ನಂಗೆ ಕಿಟಕಿ ಎಟುಕಾಕಿಲ್ಲ. ಇದ್ನ ಒಳಕ್ಕೆ ಎಸ್ದು ಒಂದ್ ಸೀಟ್ ಇಡ್ಕೊಡಿ."

ಆಹ್ವಾನ ಪತ್ರಿಕೆ ಕಂಡ ದಿನದಿಂದ ನನ್ನ ನಿದ್ದೆ ಕೆಡಿಸಿದ್ದ ಶಾಲು. ಕಿಟಕಿಯಿಂದ ಕೈ ತೂರಿಸಿ ಸೀಟಿನ ಮೇಲೆ ಹಾಸಿದೆ. ಅವಳು ಹತ್ತಿ, ಅದರ ಮೇಲೇ ಕೂತು ಕಿಟಕಿಗೆ ಬಂದಳು.

"ನಾನು ಹೇಳಿರಲಿಲ್ಲ" ಎಂದೆ.

"ಗೊತ್ತು ಸಾ."

"ಮತ್ತೆ ಯಾಕೆ ಹಂಗಂದೆ?"

"ನಿಮ್ಮ ಪಾಠ ಕೇಳೇ ನಾನು ಈ ಸಬ್ಜೆಕ್ಟ್ ತಗಂಡಿದ್ದು ಸಾ. ಒಂದ್ ತಪ್ಪಿಗೆ ಅದೆಲ್ಲಾನೂ ಬುಟ್ಬುಡಕಾಯ್ತದಾ? ಮುಂದಿನ್ದೂ ನಿಮಗೇ ಕೊಡ್ತೀನಿ. ಆಗ ತಪ್ಪಿದ್ರೆ ಏಳಿ."

ಬಸ್ಸು ಹೊರಟಿತು. ಎಲ್ಲರ ಮೇಲೂ ಒಂದೇ ಬಾಂಬು ಹಾಕುವ ನನ್ನ ನೋಟ್ಸನ್ನೇ ಓದಿ ಈಕೆ ಹೀಗಾದದ್ದು ಹೇಗೆ ಎಂದು ಯೋಚಿಸುತ್ತ ನಿಂತೆ. ಅವಳ ಭಾಷಣ, ಶಾಲು, ಚಪ್ಪಾಳೆ ಯಾವುದೂ ಆಗ ಬೇಕೆನಿಸಲಿಲ್ಲ. ನನ್ನ ತಪ್ಪನ್ನು ಹಾಗೆ ಮನ್ನಿಸಿಬಿಡಲು ಬರುವ ಅವಳ ಮನಸ್ಸು ನನಗೆ ಬೇಕಿತ್ತು, ಅದು ಅವಳ ಹತ್ತಿರ ಇತ್ತು.