ದೇವರ ಮನೆಯಲ್ಲಿ ಬೀಗ ಬಿದ್ದ ಪತ್ರಗಳು

ನಿಮ್ಮ ತೋಟದಲ್ಲೋ ಅಂಗಡಿಯಲ್ಲೋ ದುಡಿಯುವ ಹೊರದೇಶದವನ ಗುರುತಿನ ಪತ್ರ ಈ ಹೊತ್ತು ಯಾರ ಬಳಿ ಇದೆ? ಕಳೆದ ವರ್ಷದವರೆಗೂ ನಾನು ಈ ಪ್ರಶ್ನೆಯನ್ನು ನನ್ನ ದೊಡ್ಡಪ್ಪನಿಗೆ ಕೇಳಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಾರ್ಮಿಕರ ಹಕ್ಕಿನ ಪರ ವಾದಿಸಿ ಕಪ್ಪು ಗೆದ್ದವಳು ನಾನು. ಆದರೂ ಕೇಳಬೇಕೆಂದು ತೋಚಿಯೇ ಇರಲಿಲ್ಲ.

ಹೊಳವನಹಳ್ಳಿಯ ಆಚೆ ದೊಡ್ಡಪ್ಪನ ಕೋಳಿ ಫಾರಂ ಇದೆ. ನೇಪಾಳದಿಂದ ಬಂದ ಗಂಡ ಹೆಂಡತಿ ಅಲ್ಲಿ ಶೆಡ್ಡಿನ ಪಕ್ಕದ ಕೋಣೆಯಲ್ಲಿದ್ದರು. ಹಬ್ಬದ ದಿನ ಅವರಿಗೂ ಎಲೆ ಹಾಕುತ್ತಿದ್ದರು. ಜ್ವರ ಬಂದರೆ ದೊಡ್ಡಪ್ಪನೇ ಬೈಕಿನಲ್ಲಿ ಕೊರಟಗೆರೆಗೆ ಕರೆದೊಯ್ಯುತ್ತಿದ್ದರು. ಇದಕ್ಕಿಂತ ಒಳ್ಳೆಯ ಯಜಮಾನ ಬೇಕೆ ಎಂದುಕೊಂಡಿದ್ದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಮಧುಗಿರಿಯ ಗಂಡನ ಮನೆಯಿಂದ ಬಂದು ದೊಡ್ಡಪ್ಪನ ಜಗಲಿಯಲ್ಲಿ ಕೂತಿದ್ದೆ. ನೇಪಾಳದವನು ಫೋನು ಹಿಡಿದು ಓಡಿಬಂದ.

"ಸಾರ್, ಅಪ್ಪ ಆಸ್ಪತ್ರೆ. ಮಾತು ಇಲ್ಲ. ಊರಿಗೆ ಹೋಗ್ಬೇಕು, ಕಾರ್ಡ್ ಕೊಡಿ."

ಅದು ಅವನ ದೇಶದ ಪೌರತ್ವ ಪತ್ರ, ಗಡಿಯಲ್ಲಿ ಕೇಳಿದಾಗ ತೋರಿಸಬೇಕಾದದ್ದು.

"ಹನ್ನೊಂದ್ ದಿನ ತಡ್ಕಳ್ಲಾ," ಎಂದರು ದೊಡ್ಡಪ್ಪ.

ಪತ್ರ ದೇವರ ಮನೆಯ ಪೆಟ್ಟಿಗೆಯಲ್ಲಿತ್ತು. ಹಿಂದಿನ ದಿನ ಬರಗೂರಿನಲ್ಲಿ ದಾಯಾದಿಯೊಬ್ಬರು ತೀರಿಕೊಂಡಿದ್ದರು. ಸೂತಕ ಕಳೆಯುವವರೆಗೆ ಆ ಬಾಗಿಲನ್ನು ಯಾರೂ ತೆರೆಯುವಂತಿರಲಿಲ್ಲ.

ನಾನು ದಂಗಾದೆ. "ಅವ್ನ ಪತ್ರ ನಿಮ್ಮತ್ರ ಯಾಕೈತೆ ದೊಡ್ಡಪ್ಪ?"

"ದೇವ್ರತ್ರ ಭದ್ರವಾಗೈತೆ ಕಣಮ್ಮ. ಕೈಗ್ ಕೊಟ್ರೆ ಓಡೋಗ್ಬುಡ್ತಾರೆ. ಆಮೇಲೆ ನಿನ್ ಕಪ್ಪುಗಳು ಬಂದು ಕೋಳಿಗೆ ನೀರಿಕ್ತಾವಾ?"

ಕೂಲಿ ಕೊಟ್ಟವನಿಗೆ ದುಡಿಮೆಯ ಮೇಲೆ ಹಕ್ಕಿರಬಹುದು, ದುಡಿಯುವವನ ಹೋಗಿಬರುವಿಕೆಯ ಮೇಲಲ್ಲ ಎಂದು ವಾದಿಸಿದೆ. ದೊಡ್ಡಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳಿಸಿಕೊಂಡರು, ಕದಲಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಬೀಗದ ಕೈ ತಂದು ನನ್ನ ಮಡಿಲಿಗೆ ಹಾಕಿದರು.

"ಕೊಟ್ಟ ಹೆಣ್ಣಿಗೆ ಈ ಮನೆ ಸೂತಕ ಎಲ್ಲೈತೆ? ಅವ್ಳು ತೆಗೀಲಿ. ಬಾಯ್ ಮುಚ್ಕಂಡ್ ಕೂತ್ಕಳಿ ನೀವು. ಹೆತ್ತಪ್ಪನ ಮುಖ ನೋಡ್ಬೇಡ್ವಾ ಅವ್ನು?"

ನನ್ನ ವಾದದಿಂದ ಆಗದ್ದು ಸಂಪ್ರದಾಯದ ಒಂದು ಮಾತಿನಿಂದ ಆಯಿತು.

ಪೆಟ್ಟಿಗೆಯಲ್ಲಿ ಕುಂಕುಮ ಮೆತ್ತಿದ ಒಂದು ಕಟ್ಟಿತ್ತು. ಎರಡು ಪತ್ರ ಇರಬೇಕಿತ್ತು, ಬಿಚ್ಚಿದರೆ ಐದು. ಒಂದೊಂದಾಗಿ ತಿರುವಿ ನೋಡಿದೆ.

"ಅವು ಹೇಳ್ದೆ ಕೇಳ್ದೆ ಓಡೋದೋರವು," ಎಂದು ದೊಡ್ಡಪ್ಪ ಹೊರಗಿನಿಂದಲೇ ಹೇಳಿದರು. ಕೇಳಿದರೆ ಕೊಡುವುದಿಲ್ಲವೆಂದು ತಿಳಿದೇ, ಹಿಂದೆ ಅಲ್ಲಿ ದುಡಿದಿದ್ದ ಆ ಮೂವರು ಪತ್ರ ಬಿಟ್ಟು ಹೋಗಿದ್ದರು. ಒಂದರಲ್ಲಿದ್ದ ಮುಖ ನನಗೆ ಪರಿಚಿತ. ನನ್ನ ಮದುವೆಯ ಚಪ್ಪರದಲ್ಲಿ ಕೂತು ಹೂ ಕಟ್ಟಿದ್ದವಳು. ಏನು ತೋರಿಸಿ ಗಡಿ ದಾಟಿದಳೋ, ದಾಟಿದಳೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಗಂಡ ಹೆಂಡತಿಯ ಪತ್ರಗಳನ್ನು ಅವರವರ ಕೈಗೇ ಕೊಟ್ಟೆ. ನೇಪಾಳದವನು ಮಧ್ಯಾಹ್ನದ ಬಸ್ಸಿಗೆ ಹೊರಟ. ತಂದೆಯನ್ನು ಜೀವಂತವಾಗಿ ಕಂಡನೆಂದು ಅವನ ಹೆಂಡತಿ ಆಮೇಲೆ ಹೇಳಿದಳು. ಹನ್ನೊಂದು ದಿನ ಕಾದಿದ್ದರೆ ಕಾಣುತ್ತಿರಲಿಲ್ಲ. ಆ ಮೂರು ಪತ್ರಗಳು ಈಗ ನನ್ನ ಬಳಿ ಇವೆ. ಅವುಗಳಲ್ಲಿರುವ ವಿಳಾಸಗಳಿಗೆ ಬರೆಯುತ್ತಿದ್ದೇನೆ.

ನೀವು ಹೊರದೇಶದವರನ್ನು ಕೆಲಸಕ್ಕಿಟ್ಟುಕೊಂಡಿದ್ದರೆ, ಬೇಕಾದರೆ ನಕಲು ಇಟ್ಟುಕೊಳ್ಳಿ. ಮೂಲ ಪತ್ರವನ್ನು ದಯವಿಟ್ಟು ಇಂದೇ ಅವರ ಕೈಗೆ ಕೊಡಿ.