ಅಲ್ಯುಮಿನಾಕ್ಕೆ ಬಿದ್ದ ಬೂದಿ

ಗೌರಿಬಿದನೂರಿನಲ್ಲಿ ಸಂಘಮಿತ್ರ ಬಾಡಿಗೆಗಿದ್ದ ಕೋಣೆಗೂ ಮನೆಯೊಡತಿ ಶ್ಯಾಮಲಮ್ಮನವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಒಗ್ಗರಣೆಯ ಘಮಲು ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಹೆಸರು ಕೇಳಿದ ದಿನವೇ ಶ್ಯಾಮಲಮ್ಮ ಇವಳು ಯಾವ ಜನವೆಂದು ಅಂದಾಜು ಮಾಡಿಕೊಂಡಿದ್ದರು. ಕೋಣೆ ಕೊಡುವುದಾಗಿ ಗಂಡ ಮಾತು ಕೊಟ್ಟಾಗಿತ್ತು, ಸುಮ್ಮನಾದರು. ಮಾತೆಲ್ಲ ಬೆಣ್ಣೆ, ಇವಳ ಕೈಯಿಂದ ಒಂದು ಲೋಟ ನೀರು ಮಾತ್ರ ಕುಡಿದವರಲ್ಲ. ಅಪ್ಪ ಅಮ್ಮ ಇಲ್ಲದ, ಮದುವೆಯೂ ಆಗದ ಸಂಘಮಿತ್ರಳಿಗೆ ಅವರು ತನ್ನ ಕೈನೀರು ಕುಡಿಯಲೆಂಬ ಅದೊಂದು ಆಸೆ ಉಳಿದಿತ್ತು. ನಗಬೇಡಿ, ಒಂಟಿ ಜೀವದ ಆಸೆಗಳು ಇಷ್ಟೇ ಇರುತ್ತವೆ.

ಕೆಲಸ ಕುಡುಮಲಕುಂಟೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಅಲ್ಯುಮಿನಾದ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ, ಬಿಳಿ ಗುಂಡುಗಳನ್ನು ಕಾಯಿಸಿ, ಎಷ್ಟು ನೀರು ಬಿಟ್ಟವೆಂದು ತೂಗುವುದು. ಮೇಲಿನ ನೀರು ಬೇಗ ಹಾರುತ್ತದೆ. ತಳದ ಪದರದ ನೀರು ಮಾತ್ರ ಅಣು ಒಡೆದು ಗುಂಡಿನ ಮೈಗೇ ಅಂಟಿಕೊಂಡಿರುತ್ತದೆ. ಕೆಂಪಗೆ ಕಾಯಿಸಿದರೂ ಪೂರ್ತಿ ಹೋಗದು. ಬೋರ್‌ವೆಲ್ ನೀರಿನ ಫ್ಲೋರೈಡ್ ಬಂದರೆ ಆ ಪದರವನ್ನು ಸರಿಸಿ ಅದರ ಜಾಗದಲ್ಲಿ ಕೂರುತ್ತದೆ. ಫ್ಲೋರೈಡ್ ಫಿಲ್ಟರು ನಡೆಯುವುದೇ ಹೀಗೆ.

2006ರ ಬೇಸಿಗೆಯಲ್ಲಿ ಶ್ಯಾಮಲಮ್ಮ ಮಂಡಿ ಹಿಡಿದು ಕೂತರು. "ಈ ನೀರೇ ಕಣಮ್ಮ ಮೂಳೆ ತಿಂತಿರೋದು. ನಿಮ್ ಫ್ಯಾಕ್ಟರೀಲಿ ಏನೋ ಗುಂಡು ಮಾಡ್ತಾರಂತಲ್ಲ?"

ಅವರು ಕೇಳಿದ್ದೇ ತಡ, ಸಂಘಮಿತ್ರ ಸ್ಟೀಲಿನ ಫಿಲ್ಟರ್ ತಂದು, ಗುಂಡುಗಳನ್ನು ಕೈಯಾರೆ ತೊಳೆದು ತುಂಬಿ ಕೊಟ್ಟಳು. ಅವತ್ತು ಗೋಡೆಯಾಚೆ ಅದರ ನಲ್ಲಿ ತಿರುಗಿದ ಸದ್ದಿಗೆ ಇವಳ ಕಣ್ಣು ತುಂಬಿತು. ಆಮೇಲೆ ಆಗಾಗ ಅದನ್ನು ಹಜಾರಕ್ಕೆ ತರಿಸಿ, ಮುಚ್ಚಳ ತೆಗೆದು, ಗುಂಡುಗಳನ್ನು ಕೆದಕಿ ನೋಡುತ್ತಿದ್ದಳು. ಆ ನೆಪದಲ್ಲಿ ಸ್ವಲ್ಪ ಹೊತ್ತು ಮಾತೂ ಆಗುತ್ತಿತ್ತು.

ತಿಂಗಳಾದ ಮೇಲೆ ಫಿಲ್ಟರಿನ ನೀರನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದಳು. ಫ್ಲೋರೈಡ್ ಇದ್ದಷ್ಟೇ ಇತ್ತು. ಕೆಂಪು ಲಿಟ್ಮಸ್ ನೀಲಿಯಾಯಿತು. ಕ್ಷಾರ ಬಿದ್ದ ಅಲ್ಯುಮಿನಾ ಫ್ಲೋರೈಡನ್ನು ಹತ್ತಿರ ಸೇರಿಸುವುದಿಲ್ಲ. ಆದರೆ ಇಷ್ಟು ಕ್ಷಾರ ಬಂದದ್ದೆಲ್ಲಿಂದ?

ಸಂಜೆ ಹೋಗಿ ಕೇಳಿದಳು. "ಗುಂಡಿಗೆ ಏನಾದ್ರೂ ಹಾಕಿದ್ರಾ?"

"ಬೂದಿ ಹಾಕಿ ತಿಕ್ತೀನಿ ಕಣಮ್ಮ," ಎಂದರು ಶ್ಯಾಮಲಮ್ಮ, ಮುಚ್ಚುಮರೆಯಿಲ್ಲದೆ. "ನೀನು ಮುಟ್ಟಿ ನೋಡಿ ಹೋದಾಗೆಲ್ಲ. ಹಾಗೇ ಅಡುಗೆಮನೆಗೆ ತಗೊಳಕ್ಕಾಗುತ್ತಾ? ತಪ್ಪು ತಿಳ್ಕೋಬೇಡ, ನೀನು ನನ್ ಮಗಳಿದ್ದಂಗೆ."

ಸಂಘಮಿತ್ರಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅವತ್ತು ಕಣ್ಣು ತುಂಬಿಸಿಕೊಂಡಿದ್ದಕ್ಕೆ. ಆದರೂ ಮಂಡಿನೋವು ಮಂಡಿನೋವೇ.

"ಬೂದಿ ಆದ್ಮೇಲೆ ಹುಣಸೆನೀರಲ್ಲಿ ನೆನೆಸಿ, ಬೂದಿಯ ಕ್ಷಾರ ಹುಳಿಗೆ ಹೋಗುತ್ತೆ, ಆಮೇಲೆ ಚೆನ್ನಾಗಿ ತೊಳೀರಿ. ಫಿಲ್ಟರ್ ಕೆಲಸ ಮಾಡುತ್ತೆ," ಎಂದು, ತನ್ನ ಮೈಲಿಗೆ ಕಳೆಯುವ ಸರಿಯಾದ ಕ್ರಮವನ್ನು ತಾನೇ ಹೇಳಿಕೊಟ್ಟಳು. ಶ್ಯಾಮಲಮ್ಮ ಗಮನವಿಟ್ಟು ಕೇಳಿಸಿಕೊಂಡರು.