ಮೂರನೇ ಪ್ಲಗ್ಗಿನ ಮಸಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ರಾಯಚೂರಿನಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಎಂಟು ಮಂದಿಯನ್ನು ತುಂಬಿಕೊಂಡು ಹೋಗುವ ಬಾಡಿಗೆ ಕಾರೇ ಗತಿ. ಪೆಟ್ರೋಲ್ ಎಂಜಿನ್ನಿನ ಪಾಠವನ್ನು ಪ್ರತಿವರ್ಷ ಮಾಡುತ್ತಿದ್ದೆ. ಸಿಲಿಂಡರಿನ ನೆತ್ತಿಯ ಮೇಲೆ ಮೊಳೆಯಂಥದ್ದೊಂದನ್ನು ಬರೆದು, ಬಾಣ ಎಳೆದು, ಸ್ಪಾರ್ಕ್ ಪ್ಲಗ್ ಎನ್ನುತ್ತಿದ್ದೆ. ನಿಜವಾದ ಪ್ಲಗ್ಗನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಒಂದು ಬೆಳಗ್ಗೆ ಕಲ್ಲೂರಿನ ಹತ್ತಿರ ಕಾರು ಜಗ್ಗತೊಡಗಿತು. ಡ್ರೈವರು ಪಕ್ಕಕ್ಕೆ ನಿಲ್ಲಿಸಿದರು. ಅವರು ದೇವದುರ್ಗದ ಕಡೆಯ ಅರಕೇರಾದವರು, ಕುರಿ ಸಾಕಿದ ಮನೆತನ, ಮಾತು ಕಡಿಮೆ. ಉಳಿದವರು ಬೇವಿನ ನೆರಳಿಗೆ ಹೋದರು. ನಾನು ಬಾನೆಟ್ಟಿನ ಬಳಿ ಹೋಗಿ ನಿಂತೆ.

ಅವರು ನಾಲ್ಕರಲ್ಲಿ ಮೂರನೇ ಪ್ಲಗ್ಗನ್ನು ಬಿಚ್ಚಿದರು. ತುದಿ ಕಪ್ಪಗೆ, ಪೆಟ್ರೋಲಿನಲ್ಲಿ ತೊಯ್ದಿತ್ತು. ನೋಡಬಹುದೇ ಎಂದು ಕೇಳಿದಾಗ ಬಟ್ಟೆಯಲ್ಲಿ ಹಿಡಿದು ಕೊಟ್ಟರು. ಬಿಳಿ ಪಿಂಗಾಣಿಯ ಮೈ, ಕೆಳಗೆ ಲೋಹದ ಎರಡು ತುದಿಗಳು, ಅವುಗಳ ನಡುವೆ ಉಗುರಿನ ದಪ್ಪದಷ್ಟು ಸಂದು. ಈ ಸಂದು ಯಾಕೆ, ಎರಡೂ ಕೂಡಿದ್ದರೆ ಕರೆಂಟು ಸಲೀಸಾಗಿ ಹೋಗುತ್ತಿತ್ತಲ್ಲ ಎಂದೆ.

"ಸಲೀಸ ಹೋದ್ರ ಕಿಡಿ ಎಲ್ಲಿಂದ ಬರ್ತದರೀ, ಅಕ್ಕಾರ? ಜಿಗಿಯಾಕ ಹಚ್ಚಬೇಕು. ಜಿಗಿದ್ರನ ಕಿಡಿ."

ಇಷ್ಟು ಸರಳವಾಗಿ ನಾನು ಯಾವ ಮಕ್ಕಳಿಗೂ ಹೇಳಿರಲಿಲ್ಲ.

ಅವರು ಪ್ಲಗ್ಗನ್ನು ಒರೆಸಿ, ವೈರಿಗೆ ಸಿಕ್ಕಿಸಿ, ಅದರ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟರು. ಮುಟ್ಟಬೇಡಿರೆಂದು ಎಚ್ಚರಿಸಿ ಒಳಗೆ ಹೋಗಿ ಚಾವಿ ತಿರುವಿದರು. ಬಿಸಿಲಿಗೆ ಏನೂ ಕಾಣಲಿಲ್ಲ. ನಾನು ಸೆರಗನ್ನು ಮೇಲೆ ಹಿಡಿದು ನೆರಳು ಮಾಡಿ ಬಾಗಿದೆ. ಆಗ ಸಂದಿನಲ್ಲಿ ಕೆಂಪಗೆ, ಸಣ್ಣಗೆ ಒಂದು ಕಿಡಿ ಹಾರಿತು.

ಅಂದು ಹೇಗೋ ಮಾನ್ವಿ ಮುಟ್ಟಿದೆವು. ದಾರಿಯಲ್ಲಿ ನಾನು ಕೇಳುತ್ತಲೇ ಇದ್ದೆ. ಪ್ಲಗ್ಗಿನ ತುದಿ ಚಹಾದ ಬಣ್ಣದಲ್ಲಿದ್ದರೆ ಎಂಜಿನ್ನಿಗೆ ಆರೋಗ್ಯ, ಬೆಳ್ಳಗಿದ್ದರೆ ಒಳಗೆ ಕಾವು ಹೆಚ್ಚು, ಕಪ್ಪಗಿದ್ದರೆ ಪೆಟ್ರೋಲ್ ಸರಿಯಾಗಿ ಉರಿದಿಲ್ಲ ಎಂದರು.

"ನಮ್ಮಪ್ಪ ಕುರಿ ಕಣ್ಣಿನ ರೆಪ್ಪಿ ತಿರುವಿ ಜಡ್ಡು ಹೇಳ್ತಿದ್ದ. ನಾ ಇದರ ಬಾಯಿ ನೋಡಿ ಹೇಳ್ತೀನಿ."

ಆದರೆ ಮೂರನೆಯದು ಎಷ್ಟು ಸಲ ಒರೆಸಿದರೂ ಮತ್ತೆ ಕಪ್ಪಾಗುತ್ತಿತ್ತಂತೆ. ರಾಯಚೂರಿನ ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಬಿಚ್ಚಲೇಬೇಕು ಎಂದಿದ್ದರು. ಎಂಜಿನ್ ಬಿಚ್ಚಿದರೆ ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆಂಬ ಅಂಜಿಕೆ ಡ್ರೈವರಿಗೆ. ನನಗೆ ಪ್ರಯೋಗಶಾಲೆಯ ಬುದ್ಧಿ ಓಡಿತು. ಎರಡನೆಯ ಮತ್ತು ಮೂರನೆಯ ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಿ, ಮಸಿ ಪ್ಲಗ್ಗಿನ ಜೊತೆ ಹೋಗುತ್ತದೋ ಅಲ್ಲೇ ಉಳಿಯುತ್ತದೋ ತಿಳಿಯುತ್ತದೆ ಎಂದೆ. ಮಾಡಿ ನೋಡುತ್ತೇನೆ ಎಂದರು.

ಮರುವಾರ ಬಸ್ಸು ಇದ್ದರೂ ನಾನು ಕಾರಿನ ಬಳಿಗೇ ಹೋದೆ. ಅವರ ಮುಖ ಬಾಡಿತ್ತು. ಪ್ಲಗ್ಗು ಬದಲಾದರೂ ಮಸಿ ಮೂರನೇ ಸಿಲಿಂಡರಿನ ಮನೆಯಲ್ಲೇ ಉಳಿದಿತ್ತು. ಅಂದರೆ ಪ್ಲಗ್ಗಿನ ದೋಷವಲ್ಲ, ಮೇಸ್ತ್ರಿ ಹೇಳಿದ್ದೇ ಖರೆ ಎಂದರು. ನಾನೂ ಪೆಚ್ಚಾದೆ. ಆದರೂ ಬಾನೆಟ್ ಎತ್ತಿಸಿ ನೋಡುತ್ತ ನಿಂತೆ. ಆ ಮನೆಗೆ ಬರುವುದು ಪೆಟ್ರೋಲ್ ಒಂದೇ ಅಲ್ಲ, ವೈರೂ ಬರುತ್ತದಲ್ಲ! ಎಂಜಿನ್ ಬಿಚ್ಚುವ ಮೊದಲು ಅದನ್ನೊಂದು ಬದಲಿಸಿ ನೋಡೋಣ ಎಂದೆ.

ಪಕ್ಕದ ಕಾರಿನವರಿಂದ ಒಂದು ಹಳೆಯ ವೈರು ಸಿಕ್ಕಿತು. ಮೂರನೆಯದನ್ನು ಕಳಚಿ ಬೆರಳಲ್ಲಿ ಬಾಗಿಸಿದಾಗ, ಎಂಜಿನ್ನಿಗೆ ತಾಗಿ ಬಿಸಿಯಾಗುತ್ತಿದ್ದ ಕಡೆ ರಬ್ಬರು ಬಿರುಕು ಬಿಟ್ಟಿರುವುದು ಕಂಡಿತು. ಕರೆಂಟು ಸಂದು ಜಿಗಿಯುವ ಬದಲು ಅಲ್ಲೇ ಸೋರಿಹೋಗುತ್ತಿತ್ತು. ಸಿಕ್ಕ ವೈರನ್ನು ಬಿಚ್ಚಿದ ಪ್ಲಗ್ಗಿಗೆ ಜೋಡಿಸಿ ಚಾವಿ ತಿರುವಿದಾಗ ನನ್ನ ಸೆರಗಿನ ನೆರಳಲ್ಲಿ ಹಾರಿದ ಕಿಡಿ ನೀಲಿಯಾಗಿತ್ತು. ಚಟ್ ಚಟ್ ಎನ್ನುವ ಸದ್ದೂ ಕೇಳಿಸಿತು.

ಹತ್ತು ದಿನಗಳ ನಂತರ ಅವರು ಶಾಲೆಯ ಗೇಟಿಗೇ ಬಂದು, ಕಾಗದದಲ್ಲಿ ಸುತ್ತಿದ ಪ್ಲಗ್ಗನ್ನು ಬಿಚ್ಚಿ ತೋರಿಸಿದರು. ತುದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಹೋಗುವಾಗ ಒಂದು ಮಾತು ಕೇಳಿದರು: ಬ್ಯಾಟರಿಯ ತಂತಿ ಮುಟ್ಟಿದರೆ ಕೈಗೆ ಏನೂ ಆಗುವುದಿಲ್ಲ, ಅದೇ ಬ್ಯಾಟರಿಯ ಕರೆಂಟು ಈ ವೈರಿನಲ್ಲಿ ಯಾಕೆ ಹಾಗೆ ಹೊಡೆಯುತ್ತದೆ? ಬ್ಯಾಟರಿಗೂ ಪ್ಲಗ್ಗಿಗೂ ನಡುವೆ ಇರುವ ತಂತಿಸುರುಳಿಯ ಡಬ್ಬಿ, ಆ ಕಾಯಿಲ್ಲಿನಿಂದ ಎಂದೆ. ಕಾಯಿಲ್ಲಿನೊಳಗೆ ಏನಾಗುತ್ತದೆ ಎಂದರು. ನನಗೆ ಸರಿಯಾಗಿ ಗೊತ್ತಿರಲಿಲ್ಲ, ಹಾಗಂತಲೇ ಹೇಳಿದೆ. ಆ ಮಧ್ಯಾಹ್ನ ಊಟ ಬಿಟ್ಟು ಶಾಲೆಯ ಕಪಾಟಿನ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತೆ.